ನೋಯ್ತದೆ ಎಂದು ಹೇಳಿಯೇ ಚುಚ್ಚುತ್ತಿದ್ದವರು

ಮಕ್ಕಳಿಗೆ ಸೂಜಿ ಚುಚ್ಚುವವರೆಲ್ಲ ಹೇಳುವ ಸುಳ್ಳು ಒಂದೇ: ‘ನೋಯುವುದಿಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ.’ ಹನ್ನೆರಡು ವರ್ಷಗಳಿಂದ ಮಗಳನ್ನು ಕರೆದುಕೊಂಡು ಆಸ್ಪತ್ರೆಗಳಿಗೆ ಅಲೆಯುತ್ತಿರುವ ನಾನು ಈ ಇರುವೆಯ ಕಥೆ ಕೇಳಿ ಕೇಳಿ ರೋಸಿಹೋಗಿದ್ದೇನೆ. ಒಬ್ಬರು ಮಾತ್ರ ಹಾಗೆ ಹೇಳುತ್ತಿರಲಿಲ್ಲ. ವೇಣೂರು ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಚಿಕ್ಕ ಲ್ಯಾಬ್ ಇಟ್ಟುಕೊಂಡಿದ್ದ ಅವರು ಮಗುವಿನ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ಅದರ ಮುಖವನ್ನೇ ನೋಡುತ್ತಾ, ‘ನೋಯ್ತದೆ. ಸ್ವಲ್ಪ. ಅಳ್ಬಹುದು,’ ಎನ್ನುತ್ತಿದ್ದರು. ಮಾತಾಡಲು ಬಾರದ ಕೂಸಿಗೂ ಹೀಗೆಯೇ ಹೇಳುತ್ತಿದ್ದರು. ವಿಚಿತ್ರವೆಂದರೆ ಮಕ್ಕಳು ಅವರ ಹತ್ತಿರ ಕಡಿಮೆ ಅಳುತ್ತಿದ್ದವು.

ಊರಿಗೆಲ್ಲ ಅವರು ‘ಲ್ಯಾಬಿನವರು’. ಹೆಸರು ಬೋರ್ಡಿನಲ್ಲಿ ಇತ್ತು, ಯಾರೂ ಕರೆಯುತ್ತಿರಲಿಲ್ಲ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಕಳೆದ ವಾರ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯಲು ಮೆಟ್ಟಿಲು ಹತ್ತುತ್ತಿದ್ದವರು ಅರ್ಧದಲ್ಲೇ ಕೂತುಬಿಟ್ಟರಂತೆ, ಮತ್ತೆ ಏಳಲಿಲ್ಲ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಲು ಬೇಕಾದಷ್ಟು ಜನ ಇದ್ದಾರೆ, ಆಡಿಯೂ ಆಯಿತು. ನಾನು ಬರೆಯಬೇಕಾಗಿರುವುದು ಅವರು ಹೇಳಿದ ಒಂದು ಸುಳ್ಳಿನ ಬಗ್ಗೆ. ನಾನು ಕಂಡಂತೆ ಅವರು ಹೇಳಿದ್ದು ಅದೊಂದೇ ಸುಳ್ಳು. ಅದನ್ನು ಹೇಳಿದ್ದು ನನ್ನನ್ನು ಉಳಿಸಲು.

ಹಳೆಯ ಜೈನ ಮನೆತನದವರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ನೆಲದಡಿ ಬೆಳೆಯುವ ಗೆಡ್ಡೆ ಮುಟ್ಟುವುದಿಲ್ಲ, ಎಲೆಯಲ್ಲಿ ಒಂದು ಅಗುಳು ಬಿಡುವುದಿಲ್ಲ. ‘ಇಷ್ಟೆಲ್ಲ ನೇಮ ಇಟ್ಟುಕೊಂಡು ದಿನಾ ರಕ್ತ ತೆಗೆಯುವ ಕೆಲಸ ಎಂತದು ಮಾರಾಯ್ರೆ?’ ಎಂದು ಕೆಳಗಿನ ಬಟ್ಟೆ ಅಂಗಡಿಯವರು ತಮಾಷೆ ಮಾಡಿದರೆ, ‘ಎರಡು ಎಂ.ಎಲ್. ತೆಗೆದು ಒಂದು ಜೀವ ಉಳಿಯುವುದಾದರೆ ಪಾಪ ಉಂಟಾ ಇಲ್ವಾ, ನೀವೇ ಹೇಳಿ,’ ಎನ್ನುತ್ತಿದ್ದರು. ತೆಳ್ಳನೆಯ ಆಳು, ಅರ್ಧ ತೋಳಿನ ಬಿಳಿ ಅಂಗಿ. ಎದುರಿಗೆ ಯಾರು ಬಂದರೂ ರಕ್ತ ಕಡಿಮೆ ಉಂಟೇ ಎಂದು ಮೊದಲು ಉಗುರು ನೋಡುವುದು, ಆಮೇಲೆ ಮುಖ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಕೆಳರೆಪ್ಪೆಯನ್ನು ಎಳೆದು ನೋಡಿ ಬೈಸಿಕೊಂಡದ್ದೂ ಉಂಟು.

ವಿಶೇಷ ಪರೀಕ್ಷೆಗಳ ಯಂತ್ರ ಅವರಲ್ಲಿರಲಿಲ್ಲ. ನೇರಳೆ ಮುಚ್ಚಳದ ಟ್ಯೂಬುಗಳನ್ನು ಮಂಜುಗಡ್ಡೆ ಹಾಕಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಮಂಗಳೂರಿಗೆ ಸ್ವತಃ ಒಯ್ಯುತ್ತಿದ್ದರು. ಪೆಟ್ಟಿಗೆಯನ್ನು ಮೇಲೆ ಇಡಿ ಎಂದು ಕಂಡಕ್ಟರ್ ಗದರಿದರೆ, ‘ಇದು ಕುಲುಕಬಾರದು, ಬೇಕಾದರೆ ನನ್ನನ್ನು ಮೇಲೆ ಇಡಿ,’ ಎನ್ನುತ್ತಿದ್ದರು. ಬರುವಾಗ ಬಸ್ಸು ತಡವಾಗಿ ದಾರಿಯಲ್ಲೇ ಕತ್ತಲಾದರೆ ಅವತ್ತು ಉಪವಾಸ.

ನನ್ನ ಮಗಳು ಒಂಬತ್ತು ತಿಂಗಳ ಕೂಸಾಗಿದ್ದಾಗ ಅವರಲ್ಲಿಗೆ ಹೋದದ್ದು. ಮಗು ಬಿಳಿಚಿಕೊಂಡಿತ್ತು, ಹೊಟ್ಟೆ ಉಬ್ಬಿತ್ತು, ಎದೆಹಾಲು ಕುಡಿಯಲೂ ಸುಸ್ತು. ರಕ್ತ ಕಡಿಮೆ ಎಂದು ನಾಲ್ಕು ತಿಂಗಳಿಂದ ಕಬ್ಬಿಣದ ಟಾನಿಕ್ ಕುಡಿಸುತ್ತಿದ್ದೆವು. ಬೆಳ್ತಂಗಡಿಯ ಡಾಕ್ಟರು ಕೂಡಲೇ ರಕ್ತ ಕೊಡಿಸಬೇಕು ಎಂದಿದ್ದರು. ಇವರು ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ತುಂಬ ಹೊತ್ತು ನೋಡಿದರು.

‘ಟೀಚರ್, ಟಾನಿಕ್ ಇವತ್ತೇ ನಿಲ್ಲಿಸಿ. ರಕ್ತ ಕೊಡಿಸಿ, ಆದರೆ ಅದಕ್ಕೆ ಮುಂಚೆ ನನಗೆ ಒಂದು ಸ್ಯಾಂಪಲ್ ಬೇಕು. ಬೇರೆಯವರ ರಕ್ತ ಒಳಗೆ ಹೋದ ಮೇಲೆ ಇವಳದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ನಿಮ್ಮದೂ ಬೇಕು, ನಿಮ್ಮ ಯಜಮಾನರದ್ದೂ ಬೇಕು.’

ನಾನು ಅಳದಂಗಡಿ ಕಡೆಯ ಒಂದು ಶಾಲೆಯಲ್ಲಿ ಟೀಚರ್. ನನ್ನ ಗಂಡ ಬಂಟ್ವಾಳದವರು, ಅಲ್ಲೇ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ. ವರದಿ ಬಂದಾಗ ಮೂರು ಕಾಗದಗಳನ್ನು ಮೇಜಿನ ಮೇಲೆ ಹರಡಿ ವಿವರಿಸಿದರು. ನನ್ನಲ್ಲಿಯೂ ಗಂಡನಲ್ಲಿಯೂ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಒಂದೊಂದು ಅಂಶ ಇತ್ತು. ನಮಗೆ ಅದರಿಂದ ಯಾವ ತೊಂದರೆಯೂ ಇಲ್ಲ, ನಾವು ಬರೀ ಹೊತ್ತುಕೊಂಡವರು. ಎರಡೂ ಕಡೆಯಿಂದ ಬಂದರೆ ಮಗುವಿಗೆ ರೋಗ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಹಾಗಾಗುವ ಭಯ. ಮಗಳಿಗೆ ಇನ್ನು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡಿಸಬೇಕು, ಬದುಕಿರುವಷ್ಟು ದಿನವೂ.

‘ನಮ್ಮ ರಕ್ತವೇ ಕೆಟ್ಟಿದೆಯಾ?’ ಎಂದು ಕೇಳಿದೆ.

‘ರಕ್ತ ಕೆಡ್ಲಿಕ್ಕೆ ಅದು ಹಾಲಾ?’ ಎಂದು ಗದರಿದರು. ನಾನು ಅಳುತ್ತಿದ್ದೆ. ಸಮಾಧಾನ ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ. ನಾನು ನಿಲ್ಲಿಸುವವರೆಗೂ ಎದುರಿಗೆ ಕೂತಿದ್ದು ಆಮೇಲೆ ಹೇಳಿದರು, ‘ಇದು ಕಷ್ಟ ಉಂಟು ಟೀಚರ್. ತುಂಬಾ ಕಷ್ಟ ಉಂಟು. ಆದರೆ ಈ ಮನೆಯಲ್ಲಿ ಇನ್ನೊಂದು ಮಗು ಹೀಗೆ ಹುಟ್ಟಬಾರದು. ಅದು ನಮ್ಮ ಕೈಯಲ್ಲಿ ಉಂಟು.’

ಅವತ್ತಿನಿಂದ ಅವರಿಗೆ ಅದೊಂದು ಹಟವಾಯಿತು. ನಾನಂತೂ ಇನ್ನೊಂದು ಮಗು ಬೇಡವೆಂದು ತೀರ್ಮಾನಿಸಿದ್ದೆ. ಲ್ಯಾಬಿನವರು ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆದು ನಮ್ಮ ಕುಟುಂಬದ ನಕ್ಷೆ ಮಾಡಿದರು. ನನ್ನ ಅಪ್ಪ ಅಮ್ಮ ಇಬ್ಬರೂ ಆಗಲೇ ಇರಲಿಲ್ಲ. ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವಂದಿರು, ಅವರ ಮನೆಗಳಿಗೆಲ್ಲ ಪೆಟ್ಟಿಗೆ ಹಿಡಿದು ತಾವೇ ಹೋದರು. ಒಬ್ಬ ಮಾವ ನಾಯಿ ಬಿಟ್ಟರೂ ಹಿಂದೆ ಬರಲಿಲ್ಲ. ಎಲ್ಲರ ವರದಿಯೂ ಚೊಕ್ಕವಾಗಿ ಬಂತು, ನನ್ನ ತಮ್ಮನದ್ದೊಂದು ಬಿಟ್ಟು. ಅವನೂ ನನ್ನ ಹಾಗೆ ಹೊತ್ತುಕೊಂಡವನು. ಆ ನಕ್ಷೆಯನ್ನು ನನ್ನೆದುರು ಹರಡಿ, ‘ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲ. ತಮ್ಮ ಒಬ್ಬ ಜಾಗ್ರತೆ ಇದ್ದರೆ ಸಾಕು,’ ಎಂದಾಗ ಅವರ ಮುಖದಲ್ಲಿ ಕಂಡ ಸಂತೋಷ ನನಗೆ ಇನ್ನೂ ನೆನಪಿದೆ.

ಆ ಸಂತೋಷವೇ ತಪ್ಪು. ಈಗ ಶಾಲೆಯ ಮಕ್ಕಳಿಗೂ ಹೇಳಿಕೊಡಬಲ್ಲೆ: ಅಮ್ಮನ ಕಡೆ ಯಾರಿಗೂ ಇಲ್ಲ, ಅಕ್ಕ ತಮ್ಮ ಇಬ್ಬರಿಗೂ ಉಂಟು ಎಂದರೆ ಅದು ಅಪ್ಪನಿಂದ ಬಂದಿರಬೇಕು. ಆದರೆ ನಮ್ಮ ಸೀಮೆಯಲ್ಲಿ ಮನೆ ಎಣಿಸುವುದೇ ಅಮ್ಮನಿಂದ. ಬರಿ ಎಂಬ ಕುಲದ ಹೆಸರು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬರಿಯವರು ಒಡಹುಟ್ಟಿದವರ ಹಾಗೆ, ಮದುವೆಯಾಗುವಂತಿಲ್ಲ. ಅಪ್ಪನದ್ದು ಬೇರೆ ಬರಿ, ಅಪ್ಪನ ತಂಗಿ, ಅವಳ ಮಕ್ಕಳು ಎಲ್ಲರೂ ಬೇರೆ ಬರಿ. ಅವರು ನೆಂಟರು, ಕುಟುಂಬದವರಲ್ಲ. ಲ್ಯಾಬಿನವರ ಮನೆಯಲ್ಲೂ ಇದೇ ಲೆಕ್ಕ. ಎಷ್ಟು ಓದಿದ್ದರೂ ಕೈ ತನ್ನಷ್ಟಕ್ಕೆ ಅಮ್ಮನ ಕಡೆಯನ್ನೇ ಬರೆದಿತ್ತು. ಆ ಹಾಳೆಯಲ್ಲಿ ನನ್ನ ಅಪ್ಪ ಒಂದು ಖಾಲಿ ಚೌಕ. ನಾವಿಬ್ಬರೂ ಅದನ್ನು ನೋಡುತ್ತಲೇ ಕೂತಿದ್ದೆವು, ಇಬ್ಬರಿಗೂ ಹೊಳೆಯಲಿಲ್ಲ.

ಇಲ್ಲಿಯವರೆಗಿನದ್ದು ಅವರ ತಪ್ಪು ಎನ್ನಬಹುದು. ಮುಂದಿನದ್ದು ನನ್ನದು.

ತಮ್ಮ ವೇಣೂರಿನಲ್ಲಿ ಪಿಕಪ್ ಓಡಿಸುತ್ತಾನೆ. ಅವನಿಗೆ ಹೆಣ್ಣು ನೋಡಲು ಶುರು ಮಾಡಿದಾಗ ನನ್ನ ಮಗಳ ಕಾಯಿಲೆಯ ಸುದ್ದಿ ನಮಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಬೆಳ್ತಂಗಡಿಯ ಸಂಬಂಧ ನಿಶ್ಚಯದ ಹಂತಕ್ಕೆ ಬಂದು ಮುರಿಯಿತು. ಮೂಡುಬಿದಿರೆಯವರು ಹುಡುಗನನ್ನು ನೋಡಲೂ ಬರಲಿಲ್ಲ. ತಮ್ಮ ನನಗೆ ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇದ್ದದ್ದೇ ನನ್ನನ್ನು ತಿನ್ನುತ್ತಿತ್ತು. ಆಗ ನಾರಾವಿಯ ಅತ್ತೆ, ಅಂದರೆ ಅಪ್ಪನ ತಂಗಿ, ತಾವಾಗಿ ಬಂದು ಮಗಳನ್ನು ಅವನಿಗೆ ಕೊಡುತ್ತೇನೆ ಎಂದರು. ಸೋದರತ್ತೆಯ ಮಗಳು, ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಸಂಬಂಧ ಇಲ್ಲ.

ನಾನು ಮೆಲ್ಲಗೆ ರಕ್ತ ಪರೀಕ್ಷೆಯ ಮಾತು ತೆಗೆದೆ.

‘ಪರೀಕ್ಷೆ ಗಿರೀಕ್ಷೆ ಎಂತದೂ ಬೇಡ,’ ಎಂದರು ಅತ್ತೆ. ‘ಅಣ್ಣನ ಮಗ ಅಂತ ಕೊಡುವುದು ನಾನು. ನನ್ನ ಮಗಳಲ್ಲಿ ಕುಂದು ಹುಡುಕುವುದಾದರೆ ಬೇರೆ ಹುಡುಗಿ ನೋಡಿಕೊಳ್ಳಿ.’

ಬೇರೆ ಹುಡುಗಿ ಎಲ್ಲಿದ್ದಳು?

ಮರುವಾರ ಮಗಳ ರಕ್ತದ ಲೆಕ್ಕ ನೋಡಿಸಲು ಲ್ಯಾಬಿಗೆ ಹೋದಾಗ ಅವರಿಗೆ ಸುದ್ದಿ ಮುಟ್ಟಿತ್ತು. ‘ತಮ್ಮನಿಗೆ ಹೆಣ್ಣು ಗೊತ್ತಾಯಿತಂತಲ್ಲ. ಸಂತೋಷ. ಹುಡುಗಿಯನ್ನು ಒಂದು ಸಲ ಕರ್ಕೊಂಡು ಬನ್ನಿ ಟೀಚರ್. ಎರಡು ಎಂ.ಎಲ್. ಸಾಕು.’

‘ಆಯ್ತು,’ ಎಂದೆ.

‘ಸಂಬಂಧದಲ್ಲಿಯಾ?’

ನಾನು ತುಳುವಿನಲ್ಲಿ ಹೇಳಿದೆ: ‘ಇಜ್ಜಿ. ಬರಿ ಬೇತೆ.’ ಇಲ್ಲ, ಬರಿ ಬೇರೆ.

ಬರಿ ಬೇರೆಯೇ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅತ್ತೆಯ ಮಗಳು ಎಂಬ ಒಂದು ಮಾತು ಬಾಯಿಯವರೆಗೆ ಬಂದಿತ್ತು, ನುಂಗಿದೆ. ಅವರಿಗೆ ನೆಮ್ಮದಿಯಾದದ್ದು ಕಾಣಿಸಿತು. ‘ಹಾಗಾದರೆ ಸ್ವಲ್ಪ ಧೈರ್ಯ. ಆದರೂ ಕರ್ಕೊಂಡು ಬನ್ನಿ, ಮದುವೆಗೆ ಮುಂಚೆ,’ ಎಂದರು. ಮನೆಗೆ ಬಂದಾಗ ತಮ್ಮ ಕಾದಿದ್ದ. ‘ಅಕ್ಕ, ಲ್ಯಾಬಿನವರತ್ರ ಕೇಳಿದಿಯಾ? ಎಂತ ಹೇಳಿದರು?’

‘ಕೇಳಿದೆ. ತೊಂದರೆ ಇಲ್ಲ ಅಂದರು,’ ಎಂದೆ.

ಇದು ಹಸಿ ಸುಳ್ಳು. ಇದಕ್ಕೆ ಯಾವ ಬರಿಯ ಹೊದಿಕೆಯೂ ಇಲ್ಲ. ಅವನ ಮುಖ ಅರಳಿತು. ಎರಡು ವರ್ಷಗಳಲ್ಲಿ ಮೊದಲ ಸಲ ಅವನು ಜೋರಾಗಿ ನಕ್ಕದ್ದು ಅವತ್ತು.

ಮದುವೆಗೆ ಲ್ಯಾಬಿನವರೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಕೊನೆಗೆ ಕೂತಿದ್ದರು. ಅತ್ತೆ ಬಡಿಸುವವರ ಹಿಂದೆ ಉಪಚಾರ ಹೇಳುತ್ತಾ ಬಂದಾಗ ಪಕ್ಕದಲ್ಲಿದ್ದವರು ಯಾರೋ, ‘ಹುಡುಗಿಯ ತಾಯಿ. ಟೀಚರ್‌ನ ಅಪ್ಪನ ಸ್ವಂತ ತಂಗಿ,’ ಎಂದು ಪರಿಚಯ ಮಾಡಿದರು. ನಾನು ಆಚೆ ತುದಿಯಲ್ಲಿ ನಿಂತಿದ್ದೆ. ಅವರು ಅತ್ತೆಯ ಮುಖ ನೋಡಿದರು, ಅವರ ಉಗುರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎದ್ದು ಹೋಗಿಬಿಡುತ್ತಾರೆ ಎಂದುಕೊಂಡೆ. ಎಲೆಯಲ್ಲಿ ಅನ್ನ ಬಿಡುವವರಲ್ಲವಲ್ಲ. ತಲೆ ತಗ್ಗಿಸಿ ಒಂದೊಂದೇ ತುತ್ತು ನುಂಗುತ್ತಾ, ಪಂಕ್ತಿಯೆಲ್ಲ ಎದ್ದು ಹೋದ ಮೇಲೂ ಒಬ್ಬರೇ ಕೂತು ಮುಗಿಸಿದರು. ಕೈ ತೊಳೆದು ಬಂದು ಮೆಲ್ಲಗೆ ಹೇಳಿದರು, ‘ಟೀಚರ್, ನಾಳೆಯೇ ಹುಡುಗಿಯ ಸ್ಯಾಂಪಲ್ ಬೇಕು.’

ಮರುದಿನ ಕೊಡಲಿಲ್ಲ. ಮದುವೆಯಾದ ವಾರಕ್ಕೇ ಹೊಸ ಹುಡುಗಿಯ ಕೈಗೆ ಸೂಜಿ ಹಾಕಿಸುವುದು ಹೇಗೆ ಎಂದು ನಾನು ದಿನ ದೂಡಿದೆ. ಅಷ್ಟರಲ್ಲಿ ಬಸುರಿ ಎಂದು ಗೊತ್ತಾಯಿತು. ವಾಂತಿ ಜಾಸ್ತಿ ಎಂದು ಅತ್ತೆ ಮಗಳನ್ನು ನಾರಾವಿಗೆ ಕರೆದುಕೊಂಡು ಹೋದರು. ಲ್ಯಾಬಿನವರು ಪೆಟ್ಟಿಗೆ ಹಿಡಿದು ಅಲ್ಲಿಗೂ ಹೋದರು, ಎರಡು ಸಲ. ಅತ್ತೆ ಮರ್ಯಾದೆಯಿಂದ ಕೂರಿಸಿ, ಬೆಲ್ಲ ನೀರು ಕೊಟ್ಟು, ಖಾಲಿ ಪೆಟ್ಟಿಗೆಯೊಂದಿಗೆ ಕಳಿಸಿದರು. ವೇಣೂರಿನಲ್ಲಿ ನನ್ನನ್ನು ಕಂಡಾಗಲೆಲ್ಲ ಅವರು ವಾರ ಲೆಕ್ಕ ಹೇಳುತ್ತಿದ್ದರು. ‘ಹದಿನೈದು ವಾರ ಆಯ್ತು ಟೀಚರ್. ಈಗಲಾದರೂ ಹೊಟ್ಟೆಯ ಮಗುವನ್ನು ಪರೀಕ್ಷೆ ಮಾಡ್ಲಿಕ್ಕೆ ಆಗ್ತದೆ.’ ‘ಹತ್ತೊಂಬತ್ತು ಆಯ್ತು.’ ಅವರನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುವ ಹಾಗಾಯಿತು ನನಗೆ. ನಾನೇ ನಾರಾವಿಗೆ ಹೋಗಿ ಎಲ್ಲ ಹೇಳಬಹುದಿತ್ತು. ಹೇಳಿದರೆ ತಮ್ಮನಿಗೆ ಹೇಳಿದ ಸುಳ್ಳು ಹೊರಗೆ ಬರುತ್ತಿತ್ತು.

ಲ್ಯಾಬಿನವರು ಮೂರನೆಯ ಸಲ ಹೋದಾಗ ಹುಡುಗಿ ಸ್ಕ್ಯಾನಿಂಗಿಗೆ ಹೊರಟು ನಾರಾವಿಯ ಬಸ್ ತಂಗುದಾಣದಲ್ಲಿ ಒಬ್ಬಳೇ ಕೂತಿದ್ದಳಂತೆ. ಅತ್ತೆ ಪಕ್ಕದ ಅಂಗಡಿಗೆ ಹೋಗಿದ್ದರು. ಇವರು ಹತ್ತಿರ ಕೂತು ಎರಡು ಮಾತಿನಲ್ಲಿ ವಿಷಯ ಹೇಳಿದರು. ಅವಳು ತಾನಾಗಿ ಬಳೆ ಮೇಲೆ ಸರಿಸಿ ಕೈ ಚಾಚಿದಳು. ಆ ಸಿಮೆಂಟ್ ಕಟ್ಟೆಯ ಮೇಲೆಯೇ, ‘ನೋಯ್ತದೆ, ಸ್ವಲ್ಪ,’ ಎಂದು ಹೇಳಿ ತೆಗೆದುಕೊಂಡು, ಬಂದ ಬಸ್ಸು ಹತ್ತಿ ಮಂಗಳೂರಿಗೆ ಹೋದರು. ಅವಳೂ ಹೊತ್ತುಕೊಂಡವಳೇ. ಆದರೆ ಆಗ ಆರು ತಿಂಗಳು ದಾಟಿತ್ತು. ಹೊಟ್ಟೆಯಲ್ಲಿ ನೋಡಿ ಏನಾದರೂ ಮಾಡುವ ಕಾಲ ಮೀರಿತು, ಇನ್ನು ಹುಟ್ಟಿದ ಮೇಲೆ ನೋಡುವುದು ಎಂದು ಡಾಕ್ಟರರು ಹೇಳಿ ಕಳಿಸಿದರು. ವರದಿ ನೋಡಿದ ತಮ್ಮ ಮಾತಾಡುವುದನ್ನೇ ಬಿಟ್ಟ. ನಾಲ್ಕರಲ್ಲಿ ಮೂರು ಪಾಲು ನಮ್ಮ ಕಡೆ ಉಂಟು ಎಂಬುದೊಂದನ್ನೇ ಹಿಡಿದುಕೊಂಡು ನಾವೆಲ್ಲ ದಿನ ಎಣಿಸುತ್ತಿದ್ದೆವು. ದೇವರಿಗೆ ಹೇಳಿಕೊಳ್ಳದ ಹರಕೆ ಇಲ್ಲ.

ಗಂಡು ಮಗು. ಹುಟ್ಟಿದಾಗ ಕೆಂಪಗೆ, ಗುಂಡಗೆ ಇದ್ದ. ಏಳನೆಯ ತಿಂಗಳಿಗೆ ಬಿಳಿಚತೊಡಗಿದ. ಲ್ಯಾಬಿನವರು ಅವನ ಪುಟ್ಟ ಕೈಯನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿದರು. ಚುಚ್ಚುವ ಮುಂಚಿನ ಮಾತು ಅವತ್ತು ಅವರ ಬಾಯಿಂದ ಹೊರಡಲಿಲ್ಲ.

ವರದಿ ಬಂದ ದಿನ ತಮ್ಮ ಲ್ಯಾಬಿನ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ. ನಾನು ಹಿಂದಿನಿಂದ ಹೋಗಿ ಬಾಗಿಲಲ್ಲಿ ನಿಂತೆ. ಅವನು ಮೇಜಿನ ಮೇಲಿದ್ದ ಟ್ಯೂಬುಗಳ ಸ್ಟ್ಯಾಂಡನ್ನು ನೆಲಕ್ಕೆ ಬೀಸಿದ.

‘ಮದುವೆಗೆ ಮುಂಚೆ ಅಕ್ಕ ನಿಮ್ಮತ್ರ ಕೇಳಿದ್ದಾಳೆ. ತೊಂದರೆ ಇಲ್ಲ ಅಂತ ನೀವು ಹೇಳಿದ್ದು ಅಲ್ವಾ? ಹೇಳಿ! ನೀವೇ ಹೇಳಿದ್ದಲ್ವಾ?’

ಅವರು ಅವನ ತಲೆಯ ಮೇಲಿಂದ ನನ್ನನ್ನು ನೋಡಿದರು. ಹೆಚ್ಚು ಹೊತ್ತೇನಲ್ಲ. ಆಗಲೇ ಬಾಯಿ ಬಿಡಬೇಕಿತ್ತು ನಾನು.

‘ಹೌದು,’ ಎಂದರು. ‘ನಾನೇ ಹೇಳಿದ್ದು. ತಪ್ಪಾಯ್ತು.’

ತಮ್ಮ ಉಗಿದು ಹೋದ. ಅವರು ನೆಲಕ್ಕೆ ಕೂತು ಗಾಜಿನ ಚೂರುಗಳನ್ನು ಆರಿಸತೊಡಗಿದರು. ನಾನೂ ಕೂತೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ. ಅವರೇ ಹೇಳಿದರು:

‘ಎರಡು ಮಕ್ಕಳು, ಮೂರು ಮೂರು ವಾರಕ್ಕೆ ರಕ್ತ. ಗಾಡಿ ಇರುವುದು ಅವನ ಹತ್ರ. ರಕ್ತ ಕೊಡುವವರನ್ನು ಹುಡುಕಿ ತರ್ಲಿಕ್ಕೆ ಓಡುವುದು ಅವನು. ನೀವಿಬ್ಬರು ಮುಖ ತಿರುಗಿಸಿದರೆ ಮಕ್ಕಳ ಗತಿ ಎಂತ? ನನ್ನ ಮೇಲೆ ಸಿಟ್ಟು ಇದ್ದರೆ ಎಂತ ಹಾಳಾಗುವುದಿಲ್ಲ.’ ಇನ್ನೊಂದು ಚೂರು ಎತ್ತಿಕೊಂಡು ಹೇಳಿದರು, ‘ಪೂರ್ತಿ ಸುಳ್ಳೂ ಅಲ್ಲ ಟೀಚರ್. ನಿಮ್ಮ ಅಪ್ಪನ ಚೌಕ ಖಾಲಿ ಬಿಟ್ಟದ್ದು ನಾನಲ್ವಾ?’

ಆಮೇಲೆ ಅವರು ಹಳೆಯ ನಕ್ಷೆಗಳನ್ನೆಲ್ಲ ಹೊರಗೆ ತೆಗೆದರು. ಬಂಟ್ವಾಳದಿಂದ ನಾರಾವಿಯವರೆಗೆ, ಹಿಂದೆ ಪರೀಕ್ಷೆ ಮಾಡಿದ ಪ್ರತಿ ಮನೆಗೂ ಮತ್ತೆ ಹೋಗಿ, ‘ಅಪ್ಪನ ಕಡೆಯವರು ಎಲ್ಲಿದ್ದಾರೆ?’ ಎಂದು ಕೇಳತೊಡಗಿದರು. ಲ್ಯಾಬಿನವರಿಗೆ ಅಪ್ಪಂದಿರ ಹುಚ್ಚು ಹಿಡಿದಿದೆ ಎಂದು ಪೇಟೆಯಲ್ಲಿ ನಗುತ್ತಿದ್ದರು. ನಾನೂ ಆ ನಗು ಕೇಳಿಸಿಕೊಂಡು ಸುಮ್ಮನೆ ದಾಟಿ ಹೋಗಿದ್ದೇನೆ. ಅವರು ನನ್ನ ಮಗಳಿಗೂ ತಮ್ಮನ ಮಗನಿಗೂ ಕೊನೆಯವರೆಗೆ ರಕ್ತದ ಲೆಕ್ಕ ನೋಡಿದರು. ತಮ್ಮ ಮಾತ್ರ ಆ ಮೆಟ್ಟಿಲು ಹತ್ತಲಿಲ್ಲ. ಗಾಡಿಯನ್ನು ಕೆಳಗೆ ನಿಲ್ಲಿಸಿ, ಇಬ್ಬರು ಮಕ್ಕಳನ್ನು ನನ್ನ ಜೊತೆ ಮೇಲೆ ಕಳಿಸಿ, ಮುಖ ಆಚೆ ಮಾಡಿ ಕೂರುತ್ತಿದ್ದ. ಐದು ವರ್ಷ ಹೀಗೆಯೇ ನಡೆಯಿತು. ಇಳಿದು ಬರುವಾಗ ನಾನು ಪ್ರತಿ ಸಲವೂ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಗಾಡಿಯ ಬಾಗಿಲು ತೆಗೆದ ಕೂಡಲೇ ಅವನು, ‘ಹೋಗುವ ಅಕ್ಕ,’ ಎನ್ನುತ್ತಿದ್ದ. ಹೋಗುತ್ತಿದ್ದೆವು.

ಲ್ಯಾಬಿನವರು ಹೋದ ಸುದ್ದಿ ನನ್ನ ಫೋನಿಗೆ ಬಂದಾಗ ನಾವು ಮಂಗಳೂರಿನ ಆಸ್ಪತ್ರೆಯಲ್ಲಿದ್ದೆವು. ಅಕ್ಕಪಕ್ಕದ ಎರಡು ಮಂಚದಲ್ಲಿ ಎರಡು ಮಕ್ಕಳು, ಇಬ್ಬರ ಕೈಗೂ ರಕ್ತದ ನಳಿಕೆ. ಮಗಳು ತಮ್ಮನ ಮಗನಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತಿದ್ದಳು. ನಾನು ತಮ್ಮನಿಗೆ ಸುದ್ದಿ ಹೇಳಿದೆ. ಅವನು ಮಗನ ಕಾಲಿನ ಮೇಲೆ ಹೊದಿಕೆ ಸರಿ ಮಾಡಿದ.

‘ಸತ್ತವರ ಬಗ್ಗೆ ಹೇಳಬಾರದು ಅಕ್ಕ,’ ಎಂದ. ‘ಆದರೂ ಆ ಮನುಷ್ಯ ಮದುವೆಗೆ ಮುಂಚೆ ಒಂದೇ ಒಂದು ಸಲ, ಹುಡುಗಿಯನ್ನು ಕರ್ಕೊಂಡು ಬನ್ನಿ ಅಂದಿದ್ದರೆ ಸಾಕಿತ್ತು.’

‘ಅಂದಿದ್ದರು,’ ಎಂದೆ.

ಅವನು ತಿರುಗಿ ನೋಡಿದ.

‘ಯಾರ ಹತ್ರ?’

ಮಗಳು ಓದುವುದನ್ನು ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದಳು. ನಾನು ತಮ್ಮನ ಕೈಯನ್ನು ನನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೆ.

‘ನನ್ನ ಹತ್ರ,’ ಎಂದೆ.